ಒತ್ತಕ್ಷರ ಉದುರಿದ ಪುಟಗಳು

ನನ್ನ ಓರಗಿತ್ತಿಯ ಮೇಲೆ ನನಗಿದ್ದದ್ದು ಅಪ್ಪಟ ಹೊಟ್ಟೆಕಿಚ್ಚು. ಬೇರೆ ಬೇರೆ ಹೆಸರಿಟ್ಟು ನೋಡಿದ್ದೇನೆ, ಯಾವುದೂ ಹೊಂದಲಿಲ್ಲ. ಹೆಂಗಸರಿಗೆ ಒಡವೆ, ಸೀರೆ ನೋಡಿ ಹೊಟ್ಟೆ ಉರಿಯುತ್ತದೆ ಅನ್ನುತ್ತಾರೆ. ನನಗೆ ಉರಿದದ್ದು ಒಂದು ಪ್ರಿಂಟರ್ ನೋಡಿ.

ದೊಡ್ಡನೆಕ್ಕುಂದಿಯಲ್ಲಿ ನಮ್ಮದು ಎರಡಂತಸ್ತಿನ ಮನೆ. ಕೆಳಗೆ ನಾವು ಮತ್ತು ಮಾವ, ಮೇಲೆ ಮೈದುನ ಮತ್ತು ಅವನ ಹೆಂಡತಿ. ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಂಪನಿಗಳ ಕಟ್ಟಡಗಳು ಎದ್ದಿವೆ, ನಮ್ಮ ಮನೆಗೆ ರಾಗಿ ಅಂಗಡಿಯಿಂದ ಬರುತ್ತದೆ. ಅತ್ತೆ ತೀರಿಕೊಂಡು ಕೆಲವು ವರ್ಷವಾದ ಮೇಲೆ ಮಾವನಿಗೆ ತಮ್ಮ ಕಾಲದ್ದನ್ನೆಲ್ಲ ಬರೆದಿಡಬೇಕೆಂಬ ಹಂಬಲ ಹುಟ್ಟಿತು. ಆದರೆ ಕೈ ನಡುಗುತ್ತಿತ್ತು. ನಾನು ಮದುವೆಗೆ ಮುಂಚೆ ಹಲಸೂರಿನ ಒಂದು ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಮಾಡುತ್ತಿದ್ದವಳು. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಮೂರು ವರ್ಷ, ದಿನಾ ಮಧ್ಯಾಹ್ನ ಊಟವಾದ ಮೇಲೆ, ಅವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಕೆರೆ ಕೋಡಿ ಬಿದ್ದದ್ದು, ಎತ್ತು ಕಳೆದದ್ದು, ಮೊದಲ ಕಾರ್ಖಾನೆಯವರು ಜಮೀನು ಅಳೆಯಲು ಬಂದದ್ದು. ಮಾವ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ದೊಡ್ಡ ಸೊಸೆ ಕಂಪ್ಯೂಟರ್‌ನಾಗೆ ನನ್ ಕತೆ ಬರೀತಾವ್ಳೆ." ಆ ಒಂದು ಮಾತಿಗಾಗಿ ನಾನು ಇನ್ನೂ ಮೂರು ವರ್ಷ ಬೇಕಾದರೂ ಟೈಪ್ ಮಾಡುತ್ತಿದ್ದೆ.

ಕಂಪ್ಯೂಟರ್ ನನ್ನ ಗಂಡನ ಆಫೀಸಿನವರು ಬೇಡವೆಂದು ಬಿಟ್ಟದ್ದು. ಪ್ರಿಂಟರೂ ಅದರ ಜೊತೆಗೇ ಬಂದ ಡಾಟ್ ಮ್ಯಾಟ್ರಿಕ್ಸ್. ಅದು ಶುರುವಾದರೆ ಬೀದಿಯ ನಾಯಿ ಎದ್ದು ಕೂರುತ್ತಿತ್ತು. ಅಕ್ಷರ ಕುಟ್ಟುವ ಅದರ ಪಿನ್ನುಗಳಲ್ಲಿ ಒಂದು ಮುರಿದಿತ್ತು. ಹಾಗಾಗಿ ಪುಟದುದ್ದಕ್ಕೂ ಸಣ್ಣ ಬಿಳಿ ಗೆರೆಗಳು ಬರುತ್ತಿದ್ದವು. ಗೆರೆ ಒತ್ತಕ್ಷರದ ಮೇಲೆ ಬಿದ್ದರೆ ಒತ್ತೇ ಮಾಯ. ಅಪ್ಪ ಅಪ ಆಗುತ್ತಿದ್ದ, ಅಜ್ಜಿ ಅಜಿ ಆಗುತ್ತಿದ್ದಳು. ಶಾಯಿಯ ರಿಬ್ಬನ್ ಬೇರೆ ಒಣಗಿತ್ತು. ಆದರೂ ಮಾವ ಪುಟವನ್ನು ಕಿಟಕಿಯ ಹತ್ತಿರ ಹಿಡಿದು, "ಚೆನ್ನಾಗೈತೆ ಬುಡು" ಅನ್ನುತ್ತಿದ್ದರು.

ಆಮೇಲೆ ಓರಗಿತ್ತಿ ಲೇಸರ್ ಪ್ರಿಂಟರ್ ತಂದಳು. ಅವಳು ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಕೆಲಸ ಮಾಡುತ್ತಿದ್ದಳು, ಬೇಕಾಗಿತ್ತು, ತಂದಳು. ಮಾವ ಒಂದು ದಿನ ಪಹಣಿ ಬೇಕೆಂದರು. ಅವಳು ಕೂತಲ್ಲೇ ನೆಟ್ಟಿನಿಂದ ತೆಗೆದು, ಒಂದು ನಿಮಿಷದಲ್ಲಿ ಬಿಸಿಬಿಸಿ ಹಾಳೆ ಅವರ ಕೈಗಿಟ್ಟಳು. ಮಾವ ಬೆರಳಿಂದ ಅಕ್ಷರ ಸವರಿದರು.

"ಮುತ್ತು ಪೋಣಿಸ್ದಂಗೈತೆ ಕಣಮ್ಮಾ!"

ನನಗೆ ಆ ಮಾತು ಅವರು ಒಂದು ದಿನವೂ ಹೇಳಿರಲಿಲ್ಲ. ಅವತ್ತು ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಓರಗಿತ್ತಿಗೆ ಕೆಟ್ಟ ಬುದ್ಧಿ ಇರಲಿಲ್ಲ, ಅದೇ ನನ್ನ ಕಷ್ಟ. ಅವಳೇ ಪ್ರಿಂಟರನ್ನು ಕೆಳಗೆ ಹೊತ್ತು ತಂದು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಕೇಬಲ್ ಸರಿಯಾಗಿ ಕೂತಿತು, ಕಂಪ್ಯೂಟರ್ ಮಾತ್ರ ಇದು ಯಾವುದೋ ನನಗೆ ಗೊತ್ತಿಲ್ಲ ಅಂದಿತು. ಎರಡಕ್ಕೂ ಪರಿಚಯ ಮಾಡಿಸುವ ಡ್ರೈವರ್ ಸಾಫ್ಟ್‌ವೇರ್ ಬೇಕು ಎಂದು ನಾನು ಶಿವಾಜಿನಗರದ ಅಂಗಡಿಗೆ ಹೋದೆ. ರಿಬ್ಬನ್ನನ್ನು ಅಲ್ಲೇ ಕೊಳ್ಳುತ್ತಿದ್ದೆ. ಅಂಗಡಿಯ ಸಾಹೇಬರು ನಕ್ಕರು.

"ಅಮ್ಮಾ, ನಿಮ್ ಕಂಪ್ಯೂಟರ್ ದಾದಾ ಕಾಲದ್ದು. ಅದಕ್ಕೆ ಈ ಪ್ರಿಂಟರ್ ಅಂದ್ರೆ, ಮಾತು ಬರ್ದೆ ಇರೋ ಇಬ್ರಿಗೆ ಶಾದಿ ಮಾಡ್ಸಿದಂಗೆ. ಡ್ರೈವರ್ ಸಿಗಲ್ಲ. ಬಿಟ್ಬಿಡಿ."

ಕೊನೆಯ ರಿಬ್ಬನ್ ಒಂದನ್ನು ಹುಡುಕಿ ಕೊಟ್ಟರು. ಮನೆಗೆ ತಂದು ಹಾಕಿದರೆ ಅದೂ ಡಬ್ಬಿಯಲ್ಲೇ ಒಣಗಿತ್ತು.

ಆ ವರ್ಷ ಯುಗಾದಿಯ ಮಾರನೇ ದಿನ, ಹೊಸತೊಡಕಿನ ಊಟಕ್ಕೆ ಮಾವನ ಮೂವರು ತಂಗಿಯರು ಬರುವವರಿದ್ದರು. ಅವರಿಗೆ ಒಂದೊಂದು ಪ್ರತಿ ಕೊಡಬೇಕೆಂದು ಮಾವನ ಆಸೆ.

"ಅಕ್ಕಾ, ಪೆನ್‌ಡ್ರೈವಲ್ಲಿ ಹಾಕ್ಕೊಡಿ. ನಾನು ಪ್ರಿಂಟ್ ತೆಗೀತೀನಿ, ನಿಮ್ಗೂ ಕೆಲ್ಸ ಕಮ್ಮಿ" ಅಂದಳು ಓರಗಿತ್ತಿ.

ಮೂರು ವರ್ಷ ಟೈಪ್ ಮಾಡಿದವಳು ನಾನು, ಮುತ್ತು ಪೋಣಿಸಿದ ಹೆಸರು ಅವಳಿಗೆ! ನಾನು ಬಳಸುತ್ತಿದ್ದದ್ದು ಹಳೆಯ ಕಾಲದ ಕನ್ನಡ ಫಾಂಟ್. ಅದು ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ ಕನ್ನಡವಾಗಿ ಕಾಣುತ್ತದೆ. ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳಾಗಿ, ತಲೆಯ ಮೇಲೆ ಟೋಪಿ, ಚುಕ್ಕಿ ಇಟ್ಟುಕೊಂಡು ನಿಲ್ಲುತ್ತದೆ. ಪುಟಗಳ ಜೊತೆ ಫಾಂಟನ್ನೂ ಕೊಡಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಪುಟಗಳನ್ನು ಕೊಟ್ಟೆ, ಫಾಂಟ್ ಕೊಡಲಿಲ್ಲ.

ತಂಗಿಯರ ಕಣ್ಣೆದುರೇ ಪ್ರಿಂಟ್ ಆಗಬೇಕೆಂದು ಮಾವ ಹಟ ಹಿಡಿದಿದ್ದರು. ಊಟ ಮುಗಿಸಿ ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ಸೇರಿದರು. ತೆರೆಯ ಮೇಲೆ ಬಂದದ್ದನ್ನು ನೋಡಿ ಓರಗಿತ್ತಿಗೆ ಗಾಬರಿಯಾಯಿತು. "ಪೇಪರಲ್ಲಿ ಸರಿ ಬರುತ್ತೇನೋ" ಅಂದುಕೊಂಡು ಪ್ರಿಂಟ್ ಕೊಟ್ಟಳು. ಅದೇ ಟೋಪಿ, ಅದೇ ಚುಕ್ಕಿ, ಕಪ್ಪಗೆ ಮಿರಮಿರ ಮಿಂಚುತ್ತಾ ಬಂದವು.

"ಇದ್ಯಾವ ಕನ್ನಡವಮ್ಮಾ? ಕಂಟೋನ್ಮೆಂಟ್ ದೊರೆಗಳ್ದಾ?" ಅಂದರು ಮಾವ. ತಂಗಿಯರು ಸೆರಗು ಬಾಯಿಗಿಟ್ಟು ನಕ್ಕರು. ಓರಗಿತ್ತಿ ಕೆಂಪಾದಳು.

"ಅಕ್ಕಾ, ಏನಾಗಿರ್ಬೋದು?"

"ನಂಗೇನ್ ಗೊತ್ತು? ನಿನ್ ಪ್ರಿಂಟರ್ ಹಂಗೇನೋ."

ಮಾವ ನನ್ನ ಕಡೆ ತಿರುಗಿದರು. "ನಿಂದೇ ಸರಿ ಬುಡಮ್ಮಾ. ಮಂಕಾಗಿದ್ರೂ ಓದಕ್ಕಾಯ್ತದೆ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಂತೋಷ ಒಂದು ವಾರ ಬಾಳಿತು. ಓರಗಿತ್ತಿ ನನ್ನ ಆ ಮಂಕು ಪುಟಗಳನ್ನೇ ಕೇಳಿ ತೆಗೆದುಕೊಂಡು ಹೋಗಿ, ಮೊದಲಿನಿಂದ ತಾನೇ ಟೈಪ್ ಮಾಡಲು ಕೂತಳು. ಆಗಲಾದರೂ ಫಾಂಟ್ ಕೊಡಬಹುದಿತ್ತು, ಅವಳ ಎರಡು ತಿಂಗಳ ಕೆಲಸ ಉಳಿಯುತ್ತಿತ್ತು. ಕೊಟ್ಟರೆ ನನ್ನ ಬಣ್ಣ ಬಯಲಾಗುತ್ತಿತ್ತು. ಮೊದಮೊದಲು ಅವಳು ಕೆಳಗಿಳಿದು ಬರುತ್ತಿದ್ದಳು: "ಅಕ್ಕಾ, ಇದು ಕತ್ತೆನಾ, ಕತೆನಾ? ಒತ್ತು ಕಾಣ್ತಿಲ್ಲ." ನಾನು ಪಾತ್ರೆ ತೊಳೆಯುತ್ತಾ, ತಿರುಗಿಯೂ ನೋಡದೆ, "ಮಾವನ್ನೇ ಕೇಳು" ಅನ್ನುತ್ತಿದ್ದೆ. ಅವಳು ಮಾವನನ್ನೇ ಕೇಳತೊಡಗಿದಳು.

ಮಂಡಿ ನೋವೆಂದು ವರ್ಷಗಟ್ಟಲೆ ಮೆಟ್ಟಿಲು ಹತ್ತದ ಮಾವ ಈಗ ಮಧ್ಯಾಹ್ನವಾದರೆ ಕಂಬಿ ಹಿಡಿದುಕೊಂಡು ಮೇಲೆ ಹೋಗುತ್ತಿದ್ದರು. ನಾನು ಕೆಳಗೆ ಕೂತು ಮೇಲಿನ ನಗು ಕೇಳಿಸಿಕೊಳ್ಳುತ್ತಿದ್ದೆ. ಒಂದೊಂದು ದಿನ ಏನೂ ಕೇಳಿಸುತ್ತಿರಲಿಲ್ಲ, ಅದು ಇನ್ನೂ ಕಷ್ಟವಾಗುತ್ತಿತ್ತು. ಹೋಗಿ ಕೂತಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಹೋಗಲಿಲ್ಲ.

ಎಲ್ಲ ಮುಗಿದ ಮೇಲೆ ಮೊದಲ ಪ್ರತಿಯನ್ನು ಓರಗಿತ್ತಿ ನನಗೇ ತಂದುಕೊಟ್ಟಳು. ತಪ್ಪು ಹುಡುಕಲೆಂದೇ ಓದಿದೆ. ಒತ್ತುಗಳೆಲ್ಲ ಅವುಗಳ ಜಾಗದಲ್ಲಿದ್ದವು. ಆದರೆ ನಾನು ಟೈಪ್ ಮಾಡಿದ್ದಕ್ಕಿಂತ ಹನ್ನೊಂದು ಪುಟ ಹೆಚ್ಚಿತ್ತು. ಆ ಹನ್ನೊಂದೂ ಅತ್ತೆಯ ಬಗ್ಗೆ.

ಅತ್ತೆ ಸೊಪ್ಪಿನ ಬುಟ್ಟಿ ಹೊತ್ತು ಹಲಸೂರಿನ ಸಂತೆಗೆ ನಡೆದುಕೊಂಡು ಹೋಗುತ್ತಿದ್ದರಂತೆ. ಮಾವ ಹತ್ತು ಹೆಜ್ಜೆ ಹಿಂದೆ. ಗಂಡ ಹೆಂಡತಿ ಜೊತೆಯಲ್ಲಿ ನಡೆದರೆ ಊರು ನಗುವ ಕಾಲ. ಒಂದು ದಿನ ವಾಪಸು ಬರುವಾಗ ದಾರಿಯಲ್ಲಿ ಯಾರೂ ಇರಲಿಲ್ಲ. ಮುಂದೆ ಹೋಗುತ್ತಿದ್ದ ಅತ್ತೆ ನಿಧಾನ ಮಾಡಿದರು, ಇವರು ಬಂದು ಸೇರಲಿ ಎಂದು. ಇವರೂ ನಿಧಾನ ಮಾಡಿದರು. "ಅವತ್ತು ನಾನು ಬಿರಬಿರನೆ ನಡೆಯಬೇಕಿತ್ತು" ಎಂದು ಆ ಭಾಗ ಮುಗಿಯುತ್ತದೆ.

ಪುಟ ಹಿಡಿದುಕೊಂಡು ಮೇಲೆ ಹೋದೆ.

"ಇದನ್ನ ನಿಂಗೆ ಯಾವಾಗ ಹೇಳಿದ್ರು?" ನನ್ನ ದನಿ ಜಗಳದ ದನಿಯಂತಿತ್ತು.

"ನಾನೇನ್ ಮಾಡ್ಲಿಲ್ಲ ಅಕ್ಕಾ. ಟೈಪ್ ಮಾಡ್ತಾ ಮಾಡ್ತಾ, 'ಮಾವಾ, ಇದ್ರಲ್ಲಿ ಅತ್ತೆ ಎಲ್ಲೂ ಬರಲ್ವಲ್ಲಾ' ಅಂದೆ. ಆಮೇಲೆ ಅವರೇ ಹೇಳಿದ್ರು."

ನಾನು ಕೆಳಗೆ ಬಂದೆ. ಅತ್ತೆಯ ಕೊನೆಯ ಎರಡು ವರ್ಷ ಅವರಿಗೆ ಗಂಜಿ ಕುಡಿಸಿ, ತಲೆ ಬಾಚಿ, ಮಗ್ಗುಲು ಬದಲಿಸಿದವಳು ನಾನು. ಓರಗಿತ್ತಿ ಈ ಮನೆಗೆ ಬಂದದ್ದು ಅವರು ಹೋದ ಮೇಲೆ. ಅತ್ತೆಯ ಮುಖವನ್ನೇ ಕಾಣದ ಅವಳಿಗೆ ಅವರು ಆ ಪುಟಗಳಲ್ಲಿ ಇಲ್ಲವೆಂಬುದು ಕಂಡಿತು.