ಅಕ್ಕನಲ್ಲ, ತಂಗಿಯಲ್ಲ

ಒಂದೇ ಗೂಟಕ್ಕೆ ಎರಡು ಟವೆಲು. ಒಂದರ ಅಂಚು ಕೆಂಪು, ಇನ್ನೊಂದರದು ನೀಲಿ. ನನ್ನದಕ್ಕೆ ಶಾಂತಾಬಾಯಿ ಬೇರೆ ಗೂಟ ಹೊಡೆದುಕೊಟ್ಟರು. ಅಷ್ಟರಲ್ಲಿ ಇಡೀ ಸೊಲ್ಲಾಪುರವೇ ಅರಚಿದಂತಾಗಿ ನಾನು ಚೊಂಬು ಕೈಬಿಟ್ಟೆ. "ಹೆದರಬ್ಯಾಡ್ರಿ ಟೀಚರ್, ಭೋಂಗಾ ಅದು," ಎಂದು ರತ್ನವ್ವ ನಕ್ಕರು. ಭೋಂಗಾ ಎಂದರೆ ಗಿರಣಿಯ ಕೂಗು. ಧಾರವಾಡದಲ್ಲಿ ನನ್ನನ್ನು ಎಬ್ಬಿಸುತ್ತಿದ್ದುದು ಚರ್ಚಿನ ಗಂಟೆ. ಇಲ್ಲಿ ಚರ್ಚೂ ಭೋಂಗಾ ಕೇಳಿಯೇ ಗಡಿಯಾರ ತಿರುಗಿಸಿಕೊಳ್ಳುತ್ತದೆ.

ಎಂ.ಎ. ಮುಗಿಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಲು ಬಂದವಳು ನಾನು. ಧಾರವಾಡ ಬಿಟ್ಟ ಕಾರಣವನ್ನು ಇಲ್ಲಿ ಬರೆಯುವುದಿಲ್ಲ. ಒಂಟಿ ಹೆಣ್ಣಿಗೆ ಯಾರೂ ಖೋಲಿ ಕೊಡದಿದ್ದಾಗ ಕೊಟ್ಟವರು ಇವರಿಬ್ಬರು. ಶಾಂತಾಬಾಯಿ ವಾಗದರಿಯವರು, ಹೆರಿಗೆ ಮಾಡಿಸುವ ನರ್ಸು. ರತ್ನವ್ವ ಅಕ್ಕಲಕೋಟೆಯವರು, ಹೊಲಿಗೆ ಕೆಲಸ. ಹದಿನೆಂಟು ವರ್ಷದಿಂದ ಒಂದೇ ಮನೆ. ನಮ್ಮ ಚರ್ಚಿನ ಸಭೆಯವರೆಲ್ಲ ಅವರನ್ನು 'ಅಕ್ಕ-ತಂಗಿ' ಎನ್ನುತ್ತಿದ್ದರು. ನಾನು ನಂಬಿದ್ದೆ.

ಆ ಸಭೆಗೂ ನಾನು ಒಗ್ಗಿಕೊಳ್ಳಬೇಕಾಯಿತು. ಧಾರವಾಡದಲ್ಲಿ ಎಲ್ಲವೂ ಕನ್ನಡ. ಇಲ್ಲಿ ಹಾಡು ಕನ್ನಡದಲ್ಲಿ, ಪ್ರಸಂಗ ಮರಾಠಿಯಲ್ಲಿ, ಜಗಳ ಎರಡರಲ್ಲೂ. ಹುಡುಗರಿಗೆ ಕನ್ನಡ ಓದಲು ಬಾರದು. ಆದ್ದರಿಂದ ಹಿರಿಯರಾದ ದಾನಿಯೇಲಪ್ಪ ಸಭೆಯವರ ಹೆಸರಿನ ಹಳೆಯ ಪುಸ್ತಕವನ್ನು ನನ್ನ ಕೈಗಿಟ್ಟು, "ಚಂದಾಗಿ ಹೊಸದು ಬರದು ಕೊಡವಾ," ಎಂದರು.

ಹೆಸರು, ತಂದೆ, ಊರು, ಸಂಬಂಧ: ನಾಲ್ಕು ಕಾಲಂ. ಇವರಿಬ್ಬರ ತಂದೆಯ ಹೆಸರು ಹಳೆಯ ಪುಸ್ತಕದಲ್ಲಿ ಖಾಲಿ ಇತ್ತು, ಸಂಬಂಧದ ಕಾಲಂನಲ್ಲಿ 'ಅಕ್ಕ-ತಂಗಿ' ಎಂದಿತ್ತು. ಕೇಳಿದೆ. ಇಬ್ಬರೂ ಹೇಳಿದರು. ತಂದೆ ಬೇರೆ, ಊರು ಬೇರೆ. 'ಅಕ್ಕ-ತಂಗಿ' ಎಂಬುದು ಹಳೆಯ ಗುಮಾಸ್ತನ ತಪ್ಪೆಂದು ತಿಳಿದು ಆ ಮಾತು ಬಿಟ್ಟೆ. ನಾನು ಮಾಡಿದ್ದು ಇಷ್ಟೇ.

ಭಾನುವಾರ ಆರಾಧನೆ ಮುಗಿದ ಮೇಲೆ, ತಪ್ಪಿದ್ದರೆ ಹೇಳಲೆಂದು, ಎದ್ದುನಿಂತು ಹೊಸ ಪುಸ್ತಕ ಓದಿದೆ. "ಶಾಂತಾಬಾಯಿ, ತಂದೆ ಮಲ್ಲಪ್ಪ, ವಾಗದರಿ. ರತ್ನವ್ವ, ತಂದೆ ಯಾಕೋಬ, ಅಕ್ಕಲಕೋಟೆ." ಬೀಸಣಿಗೆಗಳು ನಿಂತವು.

"ಅಕ್ಕ-ತಂಗಿ ಅಲ್ಲಂದ್ರ ಮತ್ತ ಯಾರ್ರೀ ಇವ್ರು? ಒಂದ ಖೋಲಿ, ಒಂದ ಹಾಸಿಗಿ!" ಎಂದರು ಎಸ್ತರಬಾಯಿ. ಅವರು ಬಾರ್ಶಿ ಕಡೆಯವರು, ಕನ್ನಡ ಆಡಿದರೂ ಯೋಚಿಸುವುದು ಮರಾಠಿಯಲ್ಲಿ. "ಇವರ ಕೂಡ ಒಂದ ಬಟ್ಟಲದಾಗ ಪ್ರಭುಭೋಜನ ನಮಗ ಚಾಲಣಾರ ನಾಹಿ, ನಡ್ಯಾಂಗಿಲ್ಲ!"

"ನಿನ್ನ ನಾಲ್ಕೂ ಬಾಣಂತನ ಶಾಂತಾನ ಮಾಡ್ಯಾಳ," ಎಂದಳು ಹಿಂದಿನ ಚಾಪೆಯ ಮುದುಕಿಯೊಬ್ಬಳು. "ಅವಾಗ ಹಾಸಿಗಿ ಎಣಿಸಿದ್ದಿಲ್ಲೇನವಾ?"

ಇವರಿದ್ದರೆ ನಾವು ಬಿಡುತ್ತೇವೆಂದು ನಾಲ್ಕು ಮನೆಯವರು ಎದ್ದರು. ಇವರನ್ನು ಬಿಡಿಸಿದರೆ ನಾವೂ ಬಿಡುತ್ತೇವೆಂದು ಮೂರು ಮನೆಯವರು. ಹದಿನೆಂಟು ವರ್ಷ ಎಲ್ಲರಿಗೂ ಗೊತ್ತಿದ್ದುದನ್ನು ಒಬ್ಬಳು ಗಟ್ಟಿಯಾಗಿ ಓದಿದ್ದಕ್ಕೆ ಇಷ್ಟು!

ದಾನಿಯೇಲಪ್ಪ ಕೈಯೆತ್ತಿದರು. "ಸಭಿ ಒಡೀಬಾರ್ದ್ರಿ. ರತ್ನವ್ವ ಅಕ್ಕಲಕೋಟಿಗೆ ಹೋಗಿ ಇರ್ಲಿ. ಮನಿ ಬ್ಯಾರೆ ಆದ್ರ ಯಾರಿಗೂ ತ್ರಾಸಿಲ್ಲ. ಹಬ್ಬಕ್ಕ ಬಸ್ಸಿನ್ಯಾಗ ಬರ್ತಾಳ."

ಯಾರಿಗೂ ತ್ರಾಸಿಲ್ಲ! ಸಿಟ್ಟಿನಲ್ಲಿ ಪುಸ್ತಕ ರಪ್ಪನೆ ಮುಚ್ಚಿದೆ. ಅವರನ್ನು ಅಲ್ಲಿಗೆ ಎಳೆದುತಂದದ್ದು ನನ್ನದೇ ಅಕ್ಷರ.

ರತ್ನವ್ವ ಸೆರಗು ಸರಿಪಡಿಸಿಕೊಂಡು ಎದ್ದರು. "ಟೀಚರ್ ಬರದದ್ದು ಖರೇ ಅದ. ಆಕಿ ನನ್ನ ಅಕ್ಕ ಅಲ್ಲ, ತಂಗಿ ಅಲ್ಲ. ನಮ್ಮ ಮನಿಯವರು. ಹಂಗ ಬರಕೊಳ್ರಿ."

ಕನ್ನಡದ ಹೆಂಗಸು 'ನಮ್ಮ ಮನೆಯವರು' ಎಂದು ಯಾರನ್ನು ಕರೆಯುತ್ತಾಳೆಂದು ನಿಮಗೆ ಹೇಳಬೇಕಾಗಿಲ್ಲ. ಮುದುಕಿಯರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದಾನಿಯೇಲಪ್ಪ ಎಸ್ತರಬಾಯಿಯ ಕಡೆ ತಿರುಗಿ, "ಘರಚೀಚ್ ಮಾಣಸಂ ಆಹೇತ್, ಬಾಯಿ," ಎಂದರು. ಒಂದೇ ಮನೆಯ ಮಂದಿ ಎಂದು. ಮರಾಠಿಯಲ್ಲಿ ಅದಕ್ಕೆ ಅಷ್ಟೇ ಅರ್ಥ. ಆ ಮನುಷ್ಯನಿಗೆ ಎರಡೂ ಭಾಷೆ ಚೆನ್ನಾಗಿ ಬರುತ್ತವೆ.

"ಹಂಗಂದ್ರ ಆತು," ಎಂದು ಎಸ್ತರಬಾಯಿ ಕೂತರು. ಅಕ್ಕಲಕೋಟೆಯ ಮಾತು ಮತ್ತೆ ಏಳಲಿಲ್ಲ, ಯಾರೂ ಸಭೆ ಬಿಡಲಿಲ್ಲ. ಎಲ್ಲರೂ ಹಾಡಿದರು. ಚಹಾದ ಹೊತ್ತಿಗೆ ಎಸ್ತರಬಾಯಿ ಶಾಂತಾಬಾಯಿಗೆ ಮೊಣಕಾಲು ನೋವಿನ ಮಾತ್ರೆ ಕೇಳುತ್ತಿದ್ದರು. ಇದನ್ನು ಒಗ್ಗಟ್ಟು ಎನ್ನಬೇಕಂತೆ. ಅರ್ಧ ಜನ ಕಿವುಡರಾದರೆ ಮಾತ್ರ ನಿಲ್ಲುವ ಒಗ್ಗಟ್ಟು.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ: "ನಿಮಗ ಸಿಟ್ಟು ಬರೂದಿಲ್ಲೇನ್ರಿ?"

"ಬರ್ತದ. ಆದ್ರ ನಾಳೆ ನನ್ನ ಮಣ್ಣು ಮಾಡಾವ್ರೂ ಇವರ ಅಲ್ಲೇನವಾ," ಎಂದರು ರತ್ನವ್ವ. ಶಾಂತಾಬಾಯಿ ರತ್ನವ್ವನ ಕೈಯಿಂದ ಹಾಡಿನ ಪುಸ್ತಕದ ಚೀಲ ತೆಗೆದುಕೊಂಡರು.

ಅವರಿಬ್ಬರಿಗೂ ಒಟ್ಟಿಗೆ ಹೋಗಲು ಬೇರೆ ಜಾಗವಿಲ್ಲ. ನನಗೆ ಧಾರವಾಡವಿದೆ. ಅವ್ವ ಪ್ರತಿ ಪತ್ರದಲ್ಲೂ ಯಾವಾಗ ಬರುತ್ತೀ ಎಂದು ಕೇಳುತ್ತಾಳೆ. ಯಾರ ಹೆಂಡತಿಯಾಗಿ ಬರಬೇಕೆಂದು ಮಾತ್ರ ಅವಳು ಮೊದಲೇ ಗೊತ್ತುಮಾಡಿದ್ದಾಳೆ.

ಮರುದಿನ ಭೋಂಗಾ ಕೂಗಿದಾಗ ಪುಸ್ತಕ ಬಿಚ್ಚಿದೆ. ಇಬ್ಬರ ಹೆಸರಿನ ಮುಂದೆಯೂ, ಸಂಬಂಧದ ಕಾಲಂನಲ್ಲಿ, 'ಮನೆಯವರು' ಎಂದು ದುಂಡಗೆ ಬರೆದೆ. ಕೊನೆಯ ಸಾಲು ನನ್ನದು. ಊರು: ಧಾರವಾಡ. ಸಂಬಂಧದ ಕಾಲಂನಲ್ಲಿ ಒಂಟಿಯಾಗಿರುವವರೆಲ್ಲರಿಗೂ ಅಡ್ಡಗೆರೆ ಎಳೆದಿದ್ದೆ. ನನ್ನ ಹೆಸರಿನ ಮುಂದೆ ಎಳೆಯಲಿಲ್ಲ. ಖಾಲಿ ಬಿಟ್ಟು, ಶಾಯಿ ಆರಿಸಿ, ಶಾಲೆಗೆ ಹೋದೆ.