ಬಾಕ್ಸಿಂಗ್ ಕೊಲೆ ಕೇಸಿನಲ್ಲಿ ನನಗಾದ ಶಿಕ್ಷೆ

ಶಾರದಾ, ಎಲ್ಲರಿಗೂ ಓದಿ ಹೇಳು: ಇವತ್ತು ನಿನ್ನ ಫೋನಿನಿಂದ ನಾನು ಕೆಟ್ಟೆ.

ಟಿವಿಯಲ್ಲಿ ಹಳೆಯ ಕೋರ್ಟು ಧಾರಾವಾಹಿ ಬರುತ್ತಿತ್ತು. ಬಾಕ್ಸರನ ಮ್ಯಾನೇಜರನ್ನು ಕೊಂದದ್ದು ಕೋಚ್ ಎಂದು ನಾನು, ಮ್ಯಾನೇಜರನ ಹೆಂಡತಿ ಎಂದು ನಿನ್ನ ಅತ್ತಿಗೆ. ಸೋತವರು ಒಂದು ವಾರ ಪಾತ್ರೆ ತೊಳೆಯಬೇಕು.

ಕಟಕಟೆಯಲ್ಲಿ ನಿಜ ಹೊರಬೀಳುವ ಹೊತ್ತಿಗೇ ನೀನು ಫೋನ್ ಮಾಡಿದೆ, ಅತ್ತಿಗೆ ಎದ್ದು ಹೋದಳು. ತಪ್ಪೊಪ್ಪಿಕೊಂಡದ್ದು ಆ ಹೆಂಡತಿಯೇ.

"ಯಾರ್ರೀ ಕೊಂದಿದ್ದು?"

"ಕೋಚೇ ಕಣೇ. ಪಾತ್ರೆ ನಿಂದೇ."

ಸಂಜೆ ಕಾಫಿಗೆ ಬಂದ ಪಕ್ಕದ ಮನೆಯ ಡಚ್ ಅಜ್ಜಿಯ ಮುಂದೆ ಅತ್ತಿಗೆ ಕೋಚನ್ನು ಬೈದಳು. "ಕೋಚ್ ಅಲ್ಲ, ಹೆಂಡತಿ. ನಾನೂ ನೋಡಿದೆ. ನಿಮ್ಮ ಗಂಡ ಸುಳ್ಳು ಹೇಳಿದ್ದಾರೆ," ಎಂದು ಅಜ್ಜಿ ನನ್ನೆದುರೇ ಹೇಳಿ ಬಿಸ್ಕತ್ತು ಕಡಿದರು. ಈ ಆಮ್ಸ್ಟೆಲ್‌ವೀನ್ ಊರಿನವರಿಗೆ ಮುಲಾಜೇ ಇಲ್ಲ.

ಶಿಕ್ಷೆ ಈಗ ಎರಡು ವಾರ. ನೀನು ಫೋನ್ ಮಾಡದಿದ್ದರೆ ಒಂದೇ ವಾರಕ್ಕೆ ಮುಗಿಯುತ್ತಿತ್ತು.