ರಾಣಿಯ ಅಂಗಾಲಿಗೆ ಅಂಟಿದ ಬೆಲ್ಲ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಮೊಲದಷ್ಟೇ ಇದ್ದ ಒಂದು ಜೂಲುನಾಯಿ ಇತ್ತು. ಸೊರಬದ ಸ್ನೇಹಿತರೊಬ್ಬರ ಮನೆಯಿಂದ ಅಪ್ಪ ಅದನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದರು. ಕೋಳಿ ಅಟ್ಟಿಸಿಕೊಂಡು ಬಂದರೂ ನನ್ನ ಕಾಲಸಂದಿಯಲ್ಲಿ ಅಡಗುವಷ್ಟು ಧೈರ್ಯ ಅದರದು, ಹೆಸರು ಮಾತ್ರ ರಾಣಿ! ಮೈತುಂಬ ಕೂದಲು. ಅಂಗಾಲಿನ ಮೆತ್ತೆಗಳ ನಡುವೆಯೂ ಕೂದಲು ಬೆಳೆದು ಹೊರಗೆ ಇಣುಕುತ್ತಿತ್ತು.

ಅದು ಕಬ್ಬು ಅರೆಯುವ ಕಾಲ. ಒಂದು ಬೆಳಿಗ್ಗೆ ಅಪ್ಪನ ಜೊತೆ ನಾನೂ ರಾಣಿಯೂ ಆಲೆಮನೆಗೆ ಹೋದೆವು. ಕಬ್ಬಿನ ಹಾಲು ಕುದಿಯುವ ಘಮ ದಾರಿಯಲ್ಲೇ ಮೂಗಿಗೆ ಬಡಿಯುತ್ತಿತ್ತು. ನಾನು ಎಲೆಯ ಮೇಲಿನ ಬೆಚ್ಚನೆಯ ಬೆಲ್ಲ ನೆಕ್ಕುತ್ತಿದ್ದರೆ, ರಾಣಿ ನೆಲಕ್ಕೆ ಚೆಲ್ಲಿ ಆರಿದ್ದ ಪಾಕವನ್ನೆಲ್ಲ ತುಳಿದು ಬಂದಳು. ಮನೆ ಸೇರುವಷ್ಟರಲ್ಲಿ ಬೆಲ್ಲ, ಮಣ್ಣು, ಕಬ್ಬಿನ ಸಿಪ್ಪೆ ಎಲ್ಲ ಸೇರಿ ಅಂಗಾಲಿನ ಕೂದಲು ಕಲ್ಲಿನಂತೆ ಗಟ್ಟಿಯಾಗಿತ್ತು. ಹೆಜ್ಜೆ ಇಟ್ಟರೆ ಚರ್ಮ ಜಗ್ಗುತ್ತಿತ್ತು. ಪಾಪ, ಅಂಗಳದಲ್ಲೇ ಕಾಲೆತ್ತಿ ಕುಂಯ್‌ಗುಟ್ಟುತ್ತ ನಿಂತಳು. ಇರುವೆಗಳಿಗೆ ಯಾರು ಸುದ್ದಿ ಕೊಟ್ಟರೋ, ಸಾಲಾಗಿ ಬಂದೇಬಿಟ್ಟವು.

ಅಪ್ಪನಿಗೆ ಎಲ್ಲ ಕೆಲಸವೂ ಬೇಗ ಮುಗಿಯಬೇಕು. ರಾಣಿಯ ಕಾಲನ್ನು ಬಿಗಿಯಾಗಿ ಹಿಡಿದು ಬೆಲ್ಲದ ಗಂಟನ್ನು ಕಿತ್ತರು. ರಾಣಿ ಅಪ್ಪನ ಕೈ ಕಚ್ಚಿಬಿಟ್ಟಳು! ರಕ್ತವೇನೂ ಬರಲಿಲ್ಲ, ಆದರೆ ಅಪ್ಪನ ಮುಖ ಕೆಂಪಾಯಿತು.

“ಕಚ್ಚೋ ನಾಯಿನ ಮಕ್ಕಳಿರೋ ಮನೇಲಿ ಇಟ್ಕಂಬಾರ್ದು. ನಾಳೆ ಸೊರಬಕ್ಕೆ ತಗಂಡೋಗಿ ಕೊಟ್ಟು ಬರ್ತೀನಿ” ಎಂದರು.

ಅಪ್ಪ ಹೇಳಿದರೆ ಮುಗಿಯಿತು. ನನಗೆ ಅಳು ಒತ್ತರಿಸಿ ಬಂತು. ಓಡಿಹೋಗಿ ಅಕ್ಕನ ಹೊಲಿಗೆ ಕತ್ತರಿ ತಂದೆ. ಅಕ್ಕ ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

“ಇದ್ರ ಮೂತಿ ಚೂಪು ಕಣೋ. ರಾಣಿ ಚೂರು ಕೊಸರಿದ್ರೂ ಚರ್ಮಕ್ಕೇ ಹೋಗುತ್ತೆ.”

ತಮ್ಮನ ಉಗುರು ಕತ್ತರಿಸಲು ಇಟ್ಟಿದ್ದ, ದುಂಡು ಮೂತಿಯ ಪುಟ್ಟ ಕತ್ತರಿಯನ್ನು ಅವಳೇ ತಂದಳು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ರಾಣಿಯ ಕಾಲು ಅದ್ದಿದಳು. ಬೆಲ್ಲ ತಾನಾಗಿಯೇ ಕರಗತೊಡಗಿತು. ಹಳೆಯ ಸೀರೆಯ ತುಂಡಿನಿಂದ ಒರೆಸಿ, ಬಾಚಣಿಗೆಯಿಂದ ಕೂದಲನ್ನು ಹೊರಕ್ಕೆ ಎಳೆದಳು. ಕತ್ತರಿಯನ್ನು ಮೆತ್ತೆಗೆ ಸಮನಾಗಿ ಅಡ್ಡ ಹಿಡಿದು, ಹೊರಗೆ ಚಾಚಿದ್ದಷ್ಟನ್ನೇ ಚೂರುಚೂರಾಗಿ ಕತ್ತರಿಸಿದಳು. ಸಂದಿಯೊಳಗೆ ಕತ್ತರಿಯ ಮೂತಿ ಹಾಕಲೇ ಇಲ್ಲ. ರಾಣಿಯ ತಲೆ ನನ್ನ ತೊಡೆಯ ಮೇಲಿತ್ತು. ನಾನು ಅವಳ ಕಿವಿಯ ಹಿಂದೆ ಕೆರೆಯುತ್ತ ಕುಳಿತೆ. ರಾಣಿ ಕಾಲು ಎಳೆದುಕೊಂಡಾಗಲೆಲ್ಲ ಅಕ್ಕ ತಟ್ಟನೆ ಕೈ ಬಿಡುತ್ತಿದ್ದಳು.

“ಗಟ್ಟಿಯಾಗಿ ಹಿಡ್ಕೊಳ್ಲೇನಕ್ಕ?” ಎಂದೆ.

“ಬ್ಯಾಡ. ಹಿಡ್ಕಂಡ್ರೆ ಹೆದರ್ತೈತೆ. ಬಿಟ್ರೆ ತಾನೇ ಕೊಡ್ತೈತೆ.”

ಅಪ್ಪ ಜಗುಲಿಯ ಮೇಲೆ ಕುಳಿತು, ನೋಡದವರ ಹಾಗೆ ಎಲ್ಲವನ್ನೂ ನೋಡುತ್ತಿದ್ದರು. ಕೊನೆಯ ಕಾಲು ಉಳಿದಾಗ ಅಕ್ಕ, “ಅಪ್ಪಾ, ಇದೊಂದ್ ಕಾಲು ನೀನು ಹಿಡಿ” ಎಂದಳು. ಅಪ್ಪ ಬಂದು ಕುಕ್ಕುರುಗಾಲಲ್ಲಿ ಕುಳಿತು, ಈ ಸಲ ಹಿಡಿಯದೆ ಅಂಗೈ ಚಾಚಿದರು. ರಾಣಿ ಮೂಸಿದಳು. ಕಾಲಿಟ್ಟಳು, ಎಳೆದುಕೊಂಡಳು. ಅಪ್ಪ ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಆ ಪುಟ್ಟ ಕಾಲು ಮತ್ತೆ ಅವರ ಅಂಗೈಗೆ ಬಂತು.

ಎಲ್ಲ ಮುಗಿದ ಮೇಲೆ ಅಕ್ಕ ಕೇಳಿದಳು: “ಸೊರಬಕ್ಕೆ ಎಷ್ಟೊತ್ತಿಗೆ ಹೊರಡ್ತೀಯಪ್ಪ?”

“ಸೊರಬದಾಗೆ ನಂಗೇನೈತೆ ಕೆಲಸ?” ಎಂದು ಅಪ್ಪ ಒಳಗೆ ಹೋದರು. ನಾನು ರಾಣಿಯನ್ನು ತಬ್ಬಿಕೊಂಡು ಜೋರಾಗಿ ಅತ್ತೆ.

ಮಕ್ಕಳೇ, ಶಿಕಾರಿಪುರದ ನಿಮ್ಮ ಮನೆಯಲ್ಲಿ ನುಣ್ಣನೆಯ ಟೈಲ್ಸ್ ಇದೆ. ಅಂಗಾಲಿನ ಕೂದಲು ಬೆಳೆದರೆ ನಿಮ್ಮ ನಾಯಿ ಬ್ರೂನೋ ಜಾರಿ ಬೀಳುತ್ತಾನೆ. ಅದಕ್ಕೆಂದೇ ಗುಂಯ್ ಎನ್ನುವ ಪುಟ್ಟ ಟ್ರಿಮ್ಮರ್ ತಂದಿದ್ದೀರಿ, ಫೋನಿನಲ್ಲಿ ವಿಡಿಯೋ ನೋಡಿ ಕಲಿತಿದ್ದೀರಿ. ನಮಗೆ ಇವ್ಯಾವುವೂ ಇರಲಿಲ್ಲ. ನಿನ್ನೆ ಆ ಸದ್ದಿಗೆ ಬ್ರೂನೋ ಬೆಚ್ಚಿ ಕಾಲು ಎಳೆದುಕೊಂಡ. ನೀವು ಯಾರೂ ಹೇಳದೆಯೇ ಕೈ ಬಿಟ್ಟು, ಅವನೇ ಕೊಡಲಿ ಎಂದು ಕಾದಿರಿ. ನನ್ನ ಕಣ್ಣು ತುಂಬಿ ಬಂತು. ನೀವು ನಮ್ಮ ಅಕ್ಕನನ್ನು ನೋಡಿದವರಲ್ಲ. ಆದರೂ ಆ ಕೈ ಅವಳದೇ.